ಚುಕ್ಕಿ ಕಾಣಬೇಕು

ಸೂಪರ್ ಮಾರ್ಕೆಟಿನ್ಯಾಗ ತಾಜೊದ್ದೀನನ ಅಂಗಡಿ,
ಮ್ಯಾಲ ಏರಿ ಹೋಗೂದ್ರಾಗ ಬಿಸಿಲಿಗಿ ಕಣ್ಣು ಕತ್ಲಿ.
"ಏನೇನ್ ಬೇಕು, ಬರಕೊಂಡು ಬಂದೀರೇನ್ರಿ ಅಕ್ಕೋರೆ?"
ಬರಕೊಂಡೇ ಬಂದೀನಿ,
ತಹಸೀಲ ಕಚೇರಿಯವರು ಕೊಟ್ಟ ಕೊನೀ ಕಾಗದದ ಬೆನ್ನಿಗಿ.
'ಗುತ್ತಿಗೆ ಮುಂದುವರಿಸಲಾಗುವುದಿಲ್ಲ' ಅನ್ನೋ ಸಾಲು
ಈ ಕಡಿ ತಿರುಗಾಮುರುಗಾ ಮೂಡ್ಯಾದ,
ಅದರ ಮ್ಯಾಲೇ ಬರದೀನಿ: ರ‍್ಯಾಮ್, ಎಂಟು.

ಬ್ರಹ್ಮಪುರದಾಗ ಎರಡು ಖೋಲಿ ಮನಿ,
ಒಂದು ಖೋಲಿ ಇನ್ಮ್ಯಾಲ ಕಚೇರಿ.
ಬೋರ್ಡಿಲ್ಲ, ಜವಾನಿಲ್ಲ, ಸಹಿ ಹಾಕೋ ಹಾಜರಿ ಬುಕ್ಕಿಲ್ಲ.
ಇಪ್ಪತ್ತಾರು ಸಾವಿರ. ಎಲ್ಲಾ ಇದರಾಗೇ ಆಗಬೇಕು.

ಮೊದಲು ತೋರಿಸಿದ್ದು ಗಾಜಿನ ಕ್ಯಾಬಿನೆಟ್ಟು,
ಹೊಟ್ಟ್ಯಾಗ ಕೆಂಪು ಹಸರು ದೀಪ ತಿರಗ್ತಾವ.
ಮನ್ಯಾಗ ಯಾರದೂ ಲಗ್ನ ಇಲ್ಲೋ ತಮ್ಮಾ, ತಗಡಿಂದು ಕೊಡು.
ಗ್ರಾಫಿಕ್ಸ್ ಕಾರ್ಡು ಬ್ಯಾಡ.
ನಾ ನೋಡೋ ಚಿತ್ರ ಅಂದ್ರ ಇಷ್ಟೇ:
ಮೂಡಲಕ್ಕ ಹಳ್ಳ, ಪಡುವಲಕ್ಕ ಗೌಡರ ಬಾವಿ,
ತೆಂಕಲಕ್ಕ ಬಂಡಿದಾರಿ,
ಬಡಗಲಕ್ಕ ಇದೇ ನಂಬರಿನ ಉಳಿದ ಹೊಲ.
ಪ್ರೊಸೆಸರು ಎರಡು ತಲೆಮಾರು ಹಿಂದಿಂದು ನಡೀತದ,
ನನ್ನ ಕಾಗದ ನಾಕು ತಲೆಮಾರು ಹಿಂದಿನವು.
ಹಾರ್ಡ್ ಡಿಸ್ಕು ಸೆಕೆಂಡ್ ಹ್ಯಾಂಡು; ಕಿವಿಗಿ ಹಚ್ಚಿ ಕೇಳ್ದೆ,
ಕುಂಬಾರಗಿತ್ತಿ ಮುಂದ ಗಡಿಗಿ ಬಡದು ಕೇಳಿದಂಗ.
ಕೀಬೋರ್ಡಿನ ಅಕ್ಷರ ಅಳಿಸ್ಯಾವ, ಇರಲಿ,
ಬೆರಳಿಗಿ ಗೊತ್ತವ.

ಯುಪಿಎಸ್ ಮಾತ್ರ ಹೊಸಾದು ಬೇಕು.
ಹ್ವಾದ ವೈಶಾಖದಾಗ, ಕಚೇರಿ ಕಂಪ್ಯೂಟರಿನ್ಯಾಗ,
ಕರೆಂಟ್ ಹೋಗಿ ನಾಕೆಕರೆ ಹದಿನಾರು ಗುಂಟೆ ಹ್ವಾದವು.
ಮತ್ತ ಮೊದಲಿಂದ ಬಿತ್ತಿದೆ.

ಕೂಡಿಸಿ ಕಳದು ಉಳದದ್ದು ಒಂಬತ್ತು ಸಾವಿರ.
"ಮಾನಿಟರ್ ನಾಕ್ ಸಾವಿರದ್ದು ಸಾಕ್ರಿ," ಅಂದ,
"ಟೈಪ್ ಮಾಡ್ಲಿಕ್ಕಿ ಇನ್ನೇನು? ಉಳದ ರೊಕ್ಕ ಮನಿಗಿ ಒಯ್ರಿ."
ಟೈಪಲ್ಲೋ, ಓದೋ ಕೆಲಸ ನಂದು.
ನಿಜಾಮನ ಕಾಲದ ಪಹಣಿ, ಉರ್ದು ಬರಹ,
ಕನ್ನಡಕ್ಕ ತಂದು ಕೊಡಬೇಕು.

ಅಪ್ಪ ಹಳೇ ಪಟವಾರಿ. ಶಹಾಬಾದ ಫರಸಿ ಮ್ಯಾಲ ಬಳಪಲೆ
ಒಂದು ಹಲ್ಲು ಬರದು, ಕೆಳಗ ತೊಗರಿಕಾಳು ಇಡತಿದ್ದ:
ಇದು ಬೇ. ಅದನ್ನೇ ಎತ್ತಿ ಮ್ಯಾಲಿಟ್ರ ನೂನ್.
ಕೆಳಗಿದ್ರ ಬಾಗಪ್ಪ, ಮ್ಯಾಲಿದ್ರ ನಾಗಪ್ಪ.
ಒಂದಿನ ಕೋಳಿ ಬಂದು ಕಾಳು ತಿಂದು ಹ್ವಾತು.
"ಹೇಳು ಸುಗಲಾ, ಈಗ ಹೊಲ ಯಾರದು?" ಅಂದ.
ನಾ ಇನ್ನೂ ಹೇಳಿಲ್ಲ.

ಫೋನಿನ್ಯಾಗಿನ ಒಂದು ಫೋಟೋ ತಗದು ಕೊಟ್ಟೆ,
ಫಸಲಿ ಸಾವಿರದ ಮುನ್ನೂರಾ ನಲವತ್ತೇಳು.
ಮೊದಲನೇ ಮಾನಿಟರಿನ್ಯಾಗ ಚುಕ್ಕಿ ಕರಗಿ ಹ್ವಾತು.
ಎರಡನೇದರಾಗ ಇದ್ದಬದ್ದದ್ದೆಲ್ಲಾ ಚುಕ್ಕಿನೇ.
ಮೂರನೇದು ಇಪ್ಪತ್ನಾಕು ಇಂಚು.
ಕುಂತೆ. ಚಷ್ಮಾ ಸೆರಗಲೆ ಒರಸಿ ಹಾಕ್ಕೊಂಡೆ.
ಮಸಿ ಬ್ಯಾರಿ ಕಾಣ್ತು, ಹುಳ ಕೊರದದ್ದು ಬ್ಯಾರಿ,
ನೊಣ ಕುಂತು ಎದ್ದು ಹ್ವಾದ ಕಲಿ ಬ್ಯಾರಿ.
ಇದೇ, ಅಂದೆ. ಮುನ್ನೂರು ರೂಪಾಯಿ ಹೆಚ್ಚಿಗಿ ಬಿತ್ತು.

ಬಿಲ್ಲು ಬರಿಯೋದು ಬಿಟ್ಟು ತಾಜೊದ್ದೀನ
ಗಲ್ಲಾದ ತಳದಾಗಿಂದ ಪ್ಲಾಸ್ಟಿಕ್ ಚೀಲ ತಗದ,
ಅದರಾಗ ನಾಕು ಮಡಿಕಿ ಕಾಗದ.
"ದಾದಾಂದು. ಜಮೀನಿಂದು ಅಂತಾರ ಮನ್ಯಾಗ.
ಯಾರಿಗೂ ಓದ್ಲಿಕ್ಕಿ ಬಂದಿಲ್ಲ."
ಓದ್ದೆ. ಖಾತ್ರಿ ಆಗಲಿ ಅಂತ ಮತ್ತೊಮ್ಮೆ ಓದ್ದೆ.
ಜಮೀನಲ್ಲಪಾ, ರಶೀದಿ.
ದೀಪ ಇಲ್ಲದ ಸೈಕಲ್ಲು ರಾತ್ರಿ ಹೊಡದದ್ದಕ್ಕ
ಹಾಲಿ ಸಿಕ್ಕಾ ಎರಡಾಣೆ ದಂಡ.

ಅಂವ ಕಾಗದ ನೋಡ್ದ. ಆಮ್ಯಾಲ ಆ ಗಾಜಿನ ಡಬ್ಬಿ ನೋಡ್ದ,
ಕೆಂಪು ಹಸರು ಇನ್ನೂ ತಿರಗ್ಲತ್ತಿದ್ವು.
ಬಿಲ್ಲಿನ್ಯಾಗ ಮುನ್ನೂರು ಹೊಡದು ಹಾಕಿ
ಎರಡಾಣೆ ಅಂತ ಬರದ.

ನನ್ನ ಬಲ್ಲಿ ಚಿಲ್ಲರ್ ಇಲ್ಲೋ ತಮ್ಮಾ, ಅಂದೆ.